ಹುಣಸಿಹೊಂಡದ ಅಧ್ಯಕ್ಷರ ಕುರ್ಚಿಗೆ ಬೆನ್ನು ತಾಗಿಸುವ ಕುರಿತು

ಊರು ಮರುಜೋಡಣೆ ಇಲಾಖೆ
ತಾತ್ಕಾಲಿಕ ಶಿಬಿರ ಕಚೇರಿ, ಬ್ಯಾಡಗಿ

ಸಂಖ್ಯೆ: ಊಮಇ/ಕುರ್ಚಿ/ಬೆನ್ನು/07/2005-06
ದಿನಾಂಕ: 20-02-2006

ಸುತ್ತೋಲೆ

ವಿಷಯ: ಹುಣಸಿಹೊಂಡ ಗ್ರಾಮ ಪಂಚಾಯತಿ ಅಧ್ಯಕ್ಷರು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತುಕೊಳ್ಳಬಹುದೇ ಎಂಬ ಬಗ್ಗೆ.

ಉಲ್ಲೇಖ:
1. ಅಧ್ಯಕ್ಷರಾದ ಶ್ರೀಮತಿ ಮಂಗಳವ್ವ ಇವರ ಮೌಖಿಕ ದೂರು: "ನಾ ಆರಿಸಿ ಬಂದೇನ್ರಿ. ನನಗ ಕುರ್ಚಿ ಯಾಕ ಕೊಡವಲ್ರಿ?"
2. ಮಾಜಿ ಅಧ್ಯಕ್ಷರಾದ ಶ್ರೀ ಶಶಿಕಾಂತಗೌಡ ಇವರ ಆಕ್ಷೇಪಣೆ: "ಆ ಕುರ್ಚಿ ನಮ್ಮಪ್ಪ ದಾನ ಕೊಟ್ಟಿದ್ದು. ಅದರ ಬೆನ್ನಿಗೆ ಅವರ ಹೆಸರು ಬರದೈತಿ. ಅದಕ್ಕ ಆಕಿ ಬೆನ್ನು ಹಚ್ಚಿ ಕುಂದ್ರೂದಂದ್ರ ಹೆಂಗ್ರಿ?"

ಪೀಠಿಕೆ:

ಸದರಿ ಗ್ರಾಮದ ಗೌಡರ ಮೆಣಸಿನಕಾಯಿ ಕಣದಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ಕೆಳಗಿನ ಓಣಿಯವರು ಜೀತ ಬಿಟ್ಟಿದ್ದು, ಮೇಲಿನ ಓಣಿಯವರು ಅದಕ್ಕಾಗಿ ಬಡಿಗೆ ಹಿಡಿದಿದ್ದು, ಕೆಲವು ಸುಗ್ಗಿಗಳವರೆಗೆ ಹೊಡೆದಾಟ ನಡೆದು, ಈಗ ಶಾಂತಿ ನೆಲೆಸಿರುತ್ತದೆ. ಊರನ್ನು ಮತ್ತೆ ಕಟ್ಟುವ ಸಲುವಾಗಿ ಈ ಇಲಾಖೆಯನ್ನು ತೆರೆಯಲಾಗಿದೆ. ಊರು ಒಡೆದೇ ಇಲ್ಲ, ಆದ್ದರಿಂದ ಕಟ್ಟುವ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ನಮ್ಮ ಹಾವೇರಿ ಶಾಖೆಯೂ, ಊರು ಒಡೆದಿದೆ, ಆದರೆ ಒಡೆದವರು ಯಾರೂ ಇಲ್ಲ ಎಂದು ರಾಣೆಬೆನ್ನೂರು ಶಾಖೆಯೂ ವರದಿ ನೀಡಿದ್ದು, ಎರಡನ್ನೂ ಒಪ್ಪಿಕೊಳ್ಳಲಾಗಿದೆ. ಇಷ್ಟೆಲ್ಲ ಕೆಲಸ ನಡೆದಿರುವಾಗಲೂ ಕೆಳಗಿನ ಓಣಿಯ ಮಂಗಳವ್ವ ಅವರು ಕುರ್ಚಿ ಕುರ್ಚಿ ಎಂದು ಗಂಟುಬಿದ್ದಿರುವುದು ಇಲಾಖೆಗೆ ತಲೆನೋವಾಗಿರುತ್ತದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಇನ್ನು ಮುಂದೆ 'ಜೀತ' ಎಂಬ ಪದವನ್ನು ಬಳಸತಕ್ಕದ್ದಲ್ಲ. 'ಕಣದಲ್ಲಿ ದೀರ್ಘಕಾಲದ ವಾಸ್ತವ್ಯ' ಎಂದು ನಮೂದಿಸತಕ್ಕದ್ದು. ಪೀಠಿಕೆಯಲ್ಲಿ ಆ ಪದ ಬಂದಿರುವುದು ಕೈತಪ್ಪಿನಿಂದ.

2. ವಾಸ್ತವ್ಯ ಕಲ್ಪಿಸಿದವರು "ಆಗಿದ್ದು ಆಗಿಹೋತು ಬಿಡ್ರಿ" ಎಂದು ಒಮ್ಮೆ ಹೇಳಿದಲ್ಲಿ ಅವರನ್ನು ಕ್ಷಮಿಸಲಾಗುವುದು. ಮೆಣಸಿನಕಾಯಿ ಘಾಟಿಗೆ ಮಾತು ನಿಂತುಹೋದಲ್ಲಿ ಕೆಮ್ಮನ್ನೇ ಪಶ್ಚಾತ್ತಾಪವೆಂದು ಭಾವಿಸತಕ್ಕದ್ದು. ವಾಸ್ತವ್ಯ ಮಾಡಿದವರು ಮಾತ್ರ ತಾವು ಹಾಗಿದ್ದೆವೆಂದು ಇಬ್ಬರು ಸಾಕ್ಷಿಗಳನ್ನು ಹಾಜರುಪಡಿಸತಕ್ಕದ್ದು. ಅವರಲ್ಲೊಬ್ಬರು ವಾಸ್ತವ್ಯ ಕಲ್ಪಿಸಿದವರೇ ಆಗಿರತಕ್ಕದ್ದು.

3. ಬಿಡುಗಡೆಯಾದ ಪ್ರತಿ ಮನೆಗೆ ಹೊಲ ಮತ್ತು ಎತ್ತು ಎಂಬ ಭರವಸೆಯ ಪೈಕಿ ಎತ್ತು ಬಂದಿರುತ್ತದೆ. ಹೊಲವನ್ನು ಸೌಹಾರ್ದದ ದೃಷ್ಟಿಯಿಂದ ಗೌಡರಿಗೇ ಮರಳಿಸಲಾಗಿದೆ. ಹೊಲವಿಲ್ಲದ ಎತ್ತು ಬೇಸರಪಟ್ಟುಕೊಳ್ಳುವ ಸಂಭವವಿರುವುದರಿಂದ ಅದನ್ನೂ ಗೌಡರ ಕೊಟ್ಟಿಗೆಯಲ್ಲಿ ಕಟ್ಟತಕ್ಕದ್ದು.

4. ಕುರ್ಚಿಗೆ ಸಂಬಂಧಿಸಿದಂತೆ:
(ಅ) ಕುಳಿತುಕೊಳ್ಳಬಯಸುವವರು ಅಕ್ಷರಸ್ಥರೆಂದು ಸಾಬೀತುಪಡಿಸಲು, ಕುರ್ಚಿಯ ಬೆನ್ನಿನ ಮೇಲಿರುವ ದಾನಿಗಳ ಹೆಸರನ್ನು ಕುರ್ಚಿಯಲ್ಲಿ ಕುಳಿತುಕೊಂಡೇ, ಹಿಂದಕ್ಕೆ ತಿರುಗದೆ ಓದತಕ್ಕದ್ದು.
(ಆ) ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಹೊರತು ಕುರ್ಚಿಯಲ್ಲಿ ಕುಳಿತುಕೊಳ್ಳತಕ್ಕದ್ದಲ್ಲ.
(ಇ) ಯಾರ ಅಜ್ಜ ಕುರ್ಚಿಯ ಮೇಲೆ ಕುಳಿತಿದ್ದರೋ ಅವರಿಗೆ ಪರೀಕ್ಷೆ ಇರುವುದಿಲ್ಲ. ಅಜ್ಜ ನೆಲದ ಮೇಲೆ ಕುಳಿತಿದ್ದವರು ಅಜ್ಜನನ್ನು ಬದಲಾಯಿಸಿಕೊಳ್ಳಲು ಅರ್ಜಿ ಸಲ್ಲಿಸಬಹುದು.

5. ಅಲ್ಲಿಯವರೆಗೆ ಅಧ್ಯಕ್ಷರು ಬಾಗಿಲ ಬಳಿ ಹಾಸಿರುವ ಗೋಣಿತಟ್ಟಿನ ಮೇಲೆ ಕುಳಿತುಕೊಳ್ಳಬಹುದು, ಇಲ್ಲವೇ ನಿಂತಿರಬಹುದು. ಆಯ್ಕೆ ಸಂಪೂರ್ಣವಾಗಿ ಅವರದ್ದೇ ಆಗಿದ್ದು, ಇದನ್ನು ಸ್ವಾತಂತ್ರ್ಯವೆಂದು ತಿಳಿಯತಕ್ಕದ್ದು.

6. ಅಧ್ಯಕ್ಷರು ಕುಳಿತುಕೊಳ್ಳುವವರೆಗೆ ಸಭೆಯಲ್ಲಿ ಬೇರಾರೂ ಕುಳಿತುಕೊಳ್ಳುವಂತಿಲ್ಲ. (ಶಶಿಕಾಂತಗೌಡರು ಅಧ್ಯಕ್ಷರಾಗಿದ್ದಾಗ ಅವರ ಕೋರಿಕೆಯ ಮೇರೆಗೆ ಹಳೆಯ ಸುತ್ತೋಲೆಗೆ ಸೇರಿಸಿದ್ದ ಅಂಶ. ತೆಗೆಯಲು ಮರೆತಿರುತ್ತದೆ.)

ವಿಶೇಷ ಸೂಚನೆ:

ಈ ಸುತ್ತೋಲೆಯ ಕರಡನ್ನು ಪಂಚಾಯತಿ ಸಭೆಯಲ್ಲಿ ಓದಿ ಹೇಳಲಾಯಿತು. ಗೋಣಿತಟ್ಟನ್ನು ತೋರಿಸಲಾಗಿ ಮಂಗಳವ್ವ ಅವರು "ನಾ ನಿಂದರತೇನ್ರಿ" ಎಂದು ಆಯ್ಕೆ ತಿಳಿಸಿ, ಸೆರಗು ಸರಿಪಡಿಸಿಕೊಂಡು ನಿಂತಿರುತ್ತಾರೆ. ಅಂಶ 6ರನ್ವಯ ಸದಸ್ಯರೂ, ಗೌಡರೂ, ಅಯ್ಯೋ ಎನ್ನುತ್ತ ಇಲಾಖೆಯ ಅಧಿಕಾರಿಗಳೂ ನಿಲ್ಲಬೇಕಾಗಿ ಬಂದಿರುತ್ತದೆ. ಮಧ್ಯಾಹ್ನದ ಚಹಾವನ್ನೂ ನಿಂತೇ ಕುಡಿಯಲಾಯಿತು. ಆ ಬಳಿಕ ಗೌಡರು ಕುರ್ಚಿಯನ್ನು ತಾವೇ ಎತ್ತಿ ತಂದು ಅಧ್ಯಕ್ಷರ ಮುಂದಿಟ್ಟು, "ಯವ್ವಾ, ನನ್ನ ಮಣಕಾಲು ಹೋದ್ವು. ಲಗೂ ಕುಂದ್ರವಾ" ಎಂದು ಹೇಳಿಕೆ ನೀಡಿರುತ್ತಾರೆ.

ಅದಕ್ಕೆ ಅಧ್ಯಕ್ಷರ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ನನಗೇನ ಅವಸರ ಇಲ್ರಿ ಗೌಡ್ರ. ಸಣ್ಣಾಕಿ ಇದ್ದಾಗಿಂದ ನಿಮ್ಮ ಕಣದಾಗ ನಿಂತು ರೂಢಿ ಐತಿ. ಸಾಹೇಬ್ರ, ಮುಂದಿಂದು ಓದ್ರಿ."

ಈ ಹಿನ್ನೆಲೆಯಲ್ಲಿ ಅಂಶ 4 ಮತ್ತು 5ನ್ನು ತಕ್ಷಣದಿಂದ ಹಿಂಪಡೆಯಲಾಗಿದೆ. ಸಭೆ ಇನ್ನೂ ಮುಗಿದಿರುವುದಿಲ್ಲ.

(ನಿಂತು ಸಹಿ ಮಾಡಲಾಗಿದೆ)
ಯಲ್ಲೇಶ
ಪ್ರಭಾರ ಮರುಜೋಡಣಾಧಿಕಾರಿ

ಪ್ರತಿಗಳು:
1. ಹಾವೇರಿ ಶಾಖೆ: ಊರು ಒಡೆದಿಲ್ಲವೆಂದು ಮತ್ತೊಮ್ಮೆ ದೃಢೀಕರಿಸಲು.
2. ರಾಣೆಬೆನ್ನೂರು ಶಾಖೆ: ಒಡೆದವರು ಸಿಕ್ಕಲ್ಲಿ ಕೂಡಲೇ ಕ್ಷಮಿಸಲು.
3. ಶ್ರೀ ಶಶಿಕಾಂತಗೌಡ: ಮೊಣಕಾಲಿನ ಬಗ್ಗೆ ಇಲಾಖೆಯ ವಿಷಾದದೊಂದಿಗೆ.
4. ಎತ್ತು: ಗೌಡರ ಕೊಟ್ಟಿಗೆ, ಮಾಹಿತಿಗಾಗಿ.
5. ಶ್ರೀಮತಿ ಮಂಗಳವ್ವ, ಅಧ್ಯಕ್ಷರು: ದಯಮಾಡಿ ಕುಳಿತುಕೊಂಡು ಓದಬೇಕಾಗಿ ಕೈಮುಗಿದು ಕೋರಲಾಗಿದೆ.