ಪೈಪಿನ ಆಂಟಿಬಾಡಿ

ಯಾರಿಗಾದರೂ ಏನನ್ನಾದರೂ ಅರ್ಥ ಮಾಡಿಸಲು ಹೊರಟರೆ ಕೊನೆಗೆ ತಲೆ ಕೆರೆದುಕೊಳ್ಳುವವಳು ನಾನೇ. ಇದು ನನ್ನ ಹಣೆಯಲ್ಲೇ ಬರೆದದ್ದಿರಬೇಕು. ಮಣಿಪಾಲದ ಕಾಲೇಜೊಂದರಲ್ಲಿ ರೋಗಾಣುಗಳ ಪಾಠ ಮಾಡುವ ತಾತ್ಕಾಲಿಕ ಉಪನ್ಯಾಸಕಿ ನಾನು. ಈ ವರ್ಷ ಕೆಲಸ ಖಾಯಂ ಆಗುವ ಯೋಗ ಬಂತು. ಆಯ್ಕೆ ಸಮಿತಿಯ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಮೆಚ್ಚಿದರೆ ಖಾಯಂ, ಇಲ್ಲದಿದ್ದರೆ ಮನೆ. ಬ್ಯಾಕ್ಟೀರಿಯಾದ ವಿಷಯ ಕೊಟ್ಟಿದ್ದರೆ ಹೇಗೋ ದಡ ಸೇರುತ್ತಿದ್ದೆ. ಕೊಟ್ಟದ್ದು ಆಂಟಿಬಾಡಿಯ ರಚನೆ ಮತ್ತು ವೈವಿಧ್ಯ. ಓದುತ್ತಿದ್ದ ಕಾಲದಲ್ಲೇ ಆ ಅಧ್ಯಾಯ ತೆರೆದರೆ ನನಗೆ ಕಣ್ಣು ಕತ್ತಲೆ ಬರುತ್ತಿತ್ತು.

ನೀರಿಲ್ಲದ ಪೈಪು

ಆಂಟಿಬಾಡಿ ನೋಡಲು ಇಂಗ್ಲಿಷಿನ ವೈ ಅಕ್ಷರದ ಹಾಗಿರುತ್ತದೆ. ಎರಡು ದಪ್ಪ ಸರಪಳಿ, ಎರಡು ಸಪೂರ ಸರಪಳಿ. ಪ್ಲಾಸ್ಟಿಕ್ ಪೈಪಿನಲ್ಲಿ ಅದರ ಮಾದರಿ ಮಾಡುವ ಅಂತ ಉಡುಪಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು ಪಾಪ, ದಪ್ಪ ಪೈಪುಗಳನ್ನು ಬಿಸಿ ಮಾಡಿ ಬಗ್ಗಿಸಿ ಕೊಟ್ಟರು.

"ಈ ಸಪೂರದ್ದು ದಪ್ಪದ್ದರ ಒಳಗೆ ಹೋಗುವುದಾ ಮೇಡಂ?"

"ಇಲ್ಲ, ಪಕ್ಕದಲ್ಲಿ ತಾಗಿಕೊಂಡು ಇರುವುದು."

"ಮತ್ತೆ ನೀರು ಎಲ್ಲಿಂದ ಬರುವುದು?"

"ನೀರು ಬರುವುದೇ ಇಲ್ಲ. ಇದು ನಮ್ಮ ರಕ್ತದಲ್ಲಿ ಇರುವಂಥದ್ದು. ಈ ಎರಡು ತುದಿಗಳು ರೋಗಾಣುವನ್ನು ಹಿಡಿಯುತ್ತವೆ."

ಅವರು ಪೈಪನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು: "ಬಾತ್‌ರೂಮಿನದ್ದಾದರೆ ನಾನು ಗ್ಯಾರಂಟಿ ಕೊಡುತ್ತೇನೆ. ರಕ್ತದ್ದಕ್ಕೆಲ್ಲ ಕಂಪನಿಯವರು ಒಪ್ಪುವುದಿಲ್ಲ ಮೇಡಂ."

ಕೋಟಿ ನಮೂನೆ ಅಡುಗೆ

ಕಾಪುವಿನ ನಮ್ಮ ಮನೆಯಲ್ಲಿ ಅತ್ತೆ ಬಂಗುಡೆ ಮೀನು ಕೊಯ್ಯುತ್ತಾ ಕುಳಿತಿದ್ದರು. ಅವರಿಗೆ ಅರ್ಥವಾದರೆ ಸಮಿತಿಗೂ ಅರ್ಥವಾದೀತು ಎಂದು ಎದುರು ಕುಳಿತು ಪಾಠ ಶುರು ಮಾಡಿದೆ. ಶರೀರದ ಹತ್ತಿರ ಇರುವುದು ಕೆಲವೇ ಜೀನ್ ತುಂಡುಗಳು. ಅವುಗಳಲ್ಲಿ ಇದೊಂದು ಅದೊಂದು ಹೆಕ್ಕಿ ಜೋಡಿಸಿ, ಕೋಟಿಗಟ್ಟಲೆ ಬೇರೆ ಬೇರೆ ತುದಿಗಳ ಆಂಟಿಬಾಡಿ ಮಾಡುತ್ತದೆ. ರೋಗ ಬರುವ ಮೊದಲೇ ಸಿದ್ಧತೆ.

"ಯಾವ ರೋಗ ಬರುತ್ತದೆ ಅಂತ ಅದಕ್ಕೆ ಗೊತ್ತುಂಟಾ?"

"ಇಲ್ಲ ಅತ್ತೆ. ಯಾವುದಾದರೂ ಒಂದು ಹೊಂದುತ್ತದೆ. ಆಮೇಲೆ ಅದನ್ನೇ ಜಾಸ್ತಿ ಮಾಡುವುದು."

"ಉಳಿದದ್ದು?"

"ಹೆಚ್ಚಿನದ್ದೆಲ್ಲ ಹಾಳು."

ಅತ್ತೆ ಕತ್ತಿ ಕೆಳಗಿಟ್ಟರು. "ಯಾರು ಬರುತ್ತಾರೆ ಅಂತ ಗೊತ್ತಿಲ್ಲದೆ ಕೋಟಿ ನಮೂನೆ ಅಡುಗೆ ಮಾಡುವುದು, ಬಂದವನು ಒಂದನ್ನು ತಿನ್ನುವುದು, ಉಳಿದದ್ದು ಚೆಲ್ಲುವುದು! ಇದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ವಾ? ನಿಮ್ಮ ಮದುವೆಯ ಅಡುಗೆಯವನೂ ಹೀಗೇ ಮಾಡಿದ್ದು."

ಒಂದೇ ಬಳಿ

ಕಾರ್ಕಳದಲ್ಲಿರುವ ನನ್ನ ಸೋದರಮಾವನಿಗೆ ಕಾಲಿನ ಗಾಯ ಮಾಯದೆ, ರೋಗಾಣುವಿಗೆ ಮದ್ದು ತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನೋಡಲು ಹೋದರೆ ಮಾವ ಗಾಯ ಬಿಟ್ಟು ನನ್ನನ್ನೇ ಹಿಡಿದರು: "ಅದಕ್ಕೆ ಆ ವಿದ್ಯೆ ಕಲಿಸಿದ್ದು ಯಾರು?"

ಇದು ನನಗೆ ಗೊತ್ತಿದ್ದ ವಿಷಯ, ಹುರುಪು ಬಂತು. ಬ್ಯಾಕ್ಟೀರಿಯಾ ಒಂದು ಒಡೆದು ಎರಡಾಗುತ್ತದೆ. ಒಂದರಿಂದ ಹುಟ್ಟಿದ ಎಲ್ಲವೂ ಒಂದೇ ತರ. ಆದರೆ ಕೆಲವುಗಳಲ್ಲಿ ಬಳೆಯಂತಹ ಸಣ್ಣ ಡಿಎನ್‌ಎ ಇರುತ್ತದೆ. ಅದಿರುವ ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ಸೇತುವೆ ಹಾಕಿ ಆ ಬಳೆಯ ನಕಲನ್ನು ದಾಟಿಸುತ್ತದೆ. ಮದ್ದನ್ನು ಎದುರಿಸುವ ಗುಣವೂ ಅದರಲ್ಲೇ ಹೋಗುತ್ತದೆ.

ಮಾವ ಊರಿನ ಹತ್ತಾರು ಸಂಬಂಧ ಕೂಡಿಸಿದವರು. ನಮ್ಮಲ್ಲಿ ಬಳಿ, ಅಂದರೆ ಗೋತ್ರದಂಥದ್ದು, ಬರುವುದು ತಾಯಿಯಿಂದ. ಒಂದೇ ಬಳಿಯವರಿಗೆ ಮದುವೆ ಇಲ್ಲ. ಅವರ ಮುಖ ಗಂಟಾಯಿತು. "ಎಲ್ಲ ಒಂದೇ ತಾಯಿಯಿಂದ ಬಂದದ್ದು ಅಂತಿ. ಒಂದೇ ಬಳಿಯೊಳಗೆ ಸಂಬಂಧವಾ? ಛೀ!"

"ಮದುವೆ ಅಲ್ಲ ಮಾವ. ಕೊಡುವುದನ್ನು ಗಂಡು ಅಂತ ಹೇಳುವ ಕ್ರಮ ಉಂಟು, ಅಷ್ಟೆ. ಪಡೆದುಕೊಂಡದ್ದು ಕೂಡ ಆಮೇಲೆ ಗಂಡಾಗುತ್ತದೆ."

"ಹಾಗಾದರೆ ಕೊನೆಗೆ?"

"ಹೆಚ್ಚುಕಮ್ಮಿ ಎಲ್ಲವೂ ಗಂಡೇ."

ಮಾವ ನಿಟ್ಟುಸಿರು ಬಿಟ್ಟರು. "ಹೆಣ್ಣು ಸಿಗದ ಕಷ್ಟ ಅಲ್ಲಿಯೂ ಉಂಟಾ ಮಾರಾಯ್ತಿ!"

ವೈವಿಧ್ಯ

ಪಾಠದ ದಿನ. ಎದುರು ವಿದ್ಯಾರ್ಥಿಗಳು, ಮೊದಲ ಸಾಲಿನಲ್ಲಿ ಸಮಿತಿ. ನನ್ನ ಮಾದರಿಯ ತುದಿಗಳಿಗೆ ಕೆಂಪು, ಹಸಿರು, ನೀಲಿ ತುಂಡುಗಳನ್ನು ಬೇಕೆಂದೇ ಸಡಿಲವಾಗಿ ಸಿಕ್ಕಿಸಿದ್ದೆ. ಎಳೆದು ಅದಲುಬದಲು ಮಾಡಿ ವೈವಿಧ್ಯ ತೋರಿಸುವ ಉಪಾಯ.

"ಈಗ ನೋಡಿ, ಕೆಂಪನ್ನು ತೆಗೆದು ನೀಲಿ ಹಾಕುತ್ತೇನೆ" ಎಂದು ಎಳೆದೆ. ಬರಲಿಲ್ಲ. ಹಸಿರನ್ನು ಎಳೆದೆ. ಅದೂ ಬರಲಿಲ್ಲ. ಹತ್ತಿರ ಬಗ್ಗಿದರೆ ಮೂಗಿಗೆ ಪರಿಚಯದ ವಾಸನೆ. ದೋಣಿಗೆ ಹಾಕುವ ರೆಸಿನ್ ಅಂಟು! ನನ್ನ ಗಂಡನಿಗೆ ಫೈಬರ್ ದೋಣಿ ರಿಪೇರಿಯ ಕೆಲಸ. ಅಲುಗುವ ಜಾಯಿಂಟ್ ಕಂಡರೆ ಆ ಮನುಷ್ಯನಿಗೆ ಅನ್ನ ಸೇರುವುದಿಲ್ಲ. ಬೆಳಿಗ್ಗೆ ನಾನು ಸೀರೆ ಉಡುವಷ್ಟರಲ್ಲಿ ಎಲ್ಲವನ್ನೂ ಅಂಟಿಸಿಬಿಟ್ಟಿದ್ದರು.

"ಎಲ್ಲಿ ಮೇಡಂ, ವೈವಿಧ್ಯ?" ಎಂದರು ಸಮಿತಿಯ ಹಿರಿಯರು.

"ಸಾರ್, ವೈವಿಧ್ಯವನ್ನು ನನ್ನ ಗಂಡ ಬಂದ್ ಮಾಡಿದ್ದಾರೆ" ಎಂದೆ.

ಹಿರಿಯರು ಒಳ್ಳೆಯವರು, ಎದ್ದು ಬಂದು ಮಾದರಿಯ ಬುಡ ಹಿಡಿದರು. ಇಬ್ಬರು ವಿದ್ಯಾರ್ಥಿಗಳು ಒಂದೊಂದು ತೋಳು ಹಿಡಿದು ಎಳೆದರು. ಫಟ್! ಬಗ್ಗಿಸಿದ ಕುತ್ತಿಗೆಯಲ್ಲೇ ಪೈಪು ಮುರಿದು ಎರಡು ತೋಳು, ಒಂದು ಬುಡ ಬೇರೆಯಾದವು. ನನ್ನ ಖಾಯಂ ಕೆಲಸವೂ ಅದರೊಟ್ಟಿಗೆ ಹೋಯಿತು ಎಂದು ಅಳುವೇ ಬಂತು.

ಹಿರಿಯರು ಕೈಯಲ್ಲಿದ್ದ ಬುಡವನ್ನೇ ನೋಡಿದರು. "ಅದ್ಭುತ! ಪಪ್ಪಾಯಿ ಹಾಲಿನ ಕಿಣ್ವ ಆಂಟಿಬಾಡಿಯನ್ನು ಸರಿಯಾಗಿ ಇಲ್ಲೇ ಕತ್ತರಿಸುತ್ತದೆ, ಹೀಗೇ ಮೂರು ತುಂಡು. ಅದರಿಂದಲೇ ಇದರ ರಚನೆ ತಿಳಿದದ್ದು. ಇಷ್ಟು ಚಂದ ಮಾಡಿ ಯಾರೂ ತೋರಿಸಿರಲಿಲ್ಲ ಮೇಡಂ!"

ನಾನು ಗಂಭೀರವಾಗಿ ತಲೆಯಾಡಿಸಿದೆ. ಸಂಜೆಯೊಳಗೆ ಕೆಲಸ ಖಾಯಂ ಎಂದು ತಿಳಿಯಿತು. ಸಿಟ್ಟು ಮಾಡಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಮನೆಗೆ ಬಂದು ಗಂಡನಿಗೆ ಒಂದೇ ಉಸಿರಿಗೆ ಹೇಳಿದೆ: "ಕೆಲಸ ಖಾಯಂ ಆಯಿತು, ಪೈಪು ಮುರಿಯಿತು."

ಅವರ ಮುಖ ಬಾಡಿತು. "ಮುರಿಯಿತಾ? ಎಲ್ಲಿ? ಜಾಯಿಂಟಿನಲ್ಲಾ?"

"ಅಲ್ಲ, ಪೈಪೇ ಮುರಿದದ್ದು."

"ಅಬ್ಬ!" ಎಂದು ಉಸಿರು ಬಿಟ್ಟರು. "ಹಾಗಾದರೆ ನನ್ನ ಕೆಲಸ ಖಾಯಂ!"