ಕಪ್ಪತಗುಡ್ಡದ ಮೇಲೆ ಶಾವಿಗೆ

ಮಗಳ ನಿಶ್ಚಿತಾರ್ಥದ ಶಾವಿಗೆಯನ್ನು ತಾನೇ ಮಾಡುವುದಾಗಿ ಲಕ್ಷ್ಮೇಶ್ವರದ ಕಲಾಯಿಗಾರ ಶೇಖಸಾಬ ಸಾರಿಬಿಟ್ಟ. ಊರ ಪಾತ್ರೆಗಳಿಗೆಲ್ಲ ಹೊಳಪು ಕೊಟ್ಟವನಿಗೆ ಹಿಟ್ಟು ಯಾವ ಲೆಕ್ಕ! ಎಂಬತ್ತೇಳನೆಯ ಇಸವಿಯ ಆ ಬೆಳಿಗ್ಗೆ ಶಾವಿಗೆ ಮಷೀನಿನ ಹಿಡಿಕೆ ಹಿಡಿದು ದಂಡಯಾತ್ರೆಗೆ ಹೊರಟವನ ಗತ್ತಿನಲ್ಲಿ ಕುಳಿತ.

ಹಸಿ ಎಳೆಗಳೇನೋ ಬಂದವು. ಒಣಹಾಕಲು ಹಳೆ ಸೀರೆ ಕೊಡಬೇಕಾದ ಹೆಂಡತಿ ಹಾಜಿರಾಬಿ ನೀರಿಗೆ ಹೋಗಿದ್ದಳು. ಪಡಸಾಲೆಯಲ್ಲಿ ಸುತ್ತಿಟ್ಟ ಉದ್ದನೆಯ ಕಾಗದವೊಂದು ಕಣ್ಣಿಗೆ ಬಿತ್ತು. ಬಿಚ್ಚಿದರೆ ಸಾಲು ಸಾಲು ಇಂಗ್ಲಿಷ್ ಅಕ್ಷರ, ಮೇಲೆ ಹಸಿರು ಬಣ್ಣ. ರದ್ದಿಯೇ ಸರಿ! ಮಾಳಿಗೆಯ ಮೇಲೆ ಹಾಸಿ ಶಾವಿಗೆ ಹರವಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಸಂಜೆ ಶಾಲೆಯಿಂದ ಬಂದ ಮಗಳು ಮೆಹಬೂಬಿ ಮಾಳಿಗೆ ಹತ್ತಿದವಳೇ ಚೀರಿಕೊಂಡಳು. ಆ ಕಾಗದ ಕಪ್ಪತಗುಡ್ಡವಂತೆ. ಉಪಗ್ರಹ ಆಕಾಶದಿಂದ ತೆಗೆದ ಚಿತ್ರವನ್ನು ಧಾರವಾಡದ ಕಂಪ್ಯೂಟರು ಅಕ್ಷರಗಳಲ್ಲಿ ಅಚ್ಚು ಹಾಕಿತ್ತು. ಯಾವ ಅಕ್ಷರ ಮರ, ಯಾವುದು ಬೋಳು ನೆಲ ಎಂದು ಅವಳೂ ಹತ್ತನೆಯ ತರಗತಿಯ ಗೆಳತಿಯರೂ ಗುಡ್ಡ ಹತ್ತಿ ನೋಡಿ ಬಣ್ಣ ಹಚ್ಚಿದ್ದರು. ಮಾರನೆಯ ದಿನ ಅದು ಗದಗಿನ ವಿಜ್ಞಾನ ಪ್ರದರ್ಶನದಲ್ಲಿರಬೇಕಿತ್ತು. ಬೀಗನಾಗಲಿದ್ದ ರಹಮಾನಸಾಬ ಅಲ್ಲಿಗೆ ಬಂದು ನೋಡುವುದಾಗಿ, ಹುಡುಗಿಯ ಕಲಿಕೆ ಮನಸ್ಸಿಗೆ ಬಂದರೆ ಮದುವೆಯಾದ ಮೇಲೂ ಕಾಲೇಜಿಗೆ ಕಳಿಸುವುದಾಗಿ ಮಾತು ಕೊಟ್ಟಿದ್ದ.

ಶೇಖಸಾಬ ಒಣಗಿ ಅಂಟಿದ್ದ ಶಾವಿಗೆ ಎಳೆದ. ಕಾಗದವೂ ಕಿತ್ತು ಬಂತು. ಕಾಡುಗಳ್ಳರು ವರ್ಷಗಟ್ಟಲೆ ಕಡಿದರೂ ಮುಗಿಯದ ಗುಡ್ಡವನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಬೋಳಿಸಿಬಿಟ್ಟಿದ್ದ!

"ಬರೇ ಅಕ್ಷರ ಇದ್ವಲ್ಲವ್ವಾ, ಚಿತ್ರ ಎಲ್ಲಿತ್ತು?" ಎಂದ.

"ದೂರ ನಿಂತು ನೋಡಬೇಕ್ರಿ ಅಬ್ಬಾ. ಆವಾಗ ಕಾಣತೈತಿ."

ಮಾಳಿಗೆಯ ಆ ಮೂಲೆಗೆ ಹೋಗಿ ನಿಂತು ನೋಡಿದ. ಗುಡ್ಡ ಕಂಡಿತು, ಮೈತುಂಬ ತೂತು.

ಪ್ರದರ್ಶನಕ್ಕೆ ಮೆಹಬೂಬಿ ಹೋಗಲಿಲ್ಲ. ಶುಕ್ರವಾರ ಬೀಗರು ಮನೆಗೆ ಬಂದರು. ಬಣ್ಣ ಹತ್ತದ ಎಳೆಗಳನ್ನೇ ಆರಿಸಿ ಹಾಜಿರಾಬಿ ಪಾಯಸ ಮಾಡಿದ್ದಳು. ಶೇಖಸಾಬ ನಾಚಿಕೆ ಬಿಟ್ಟು ನಡೆದದ್ದನ್ನೆಲ್ಲ ಒಪ್ಪಿಕೊಂಡ. ತಪ್ಪು ತನ್ನದು, ಮಗಳು ಭಾಳ ಶ್ಯಾಣ್ಯಾಕಿ, ಕಾಲೇಜಿಗೆ ಕಳಿಸುವ ಮಾತು ಉಳಿಸಿಕೊಳ್ಳಬೇಕು ಎಂದು ಕೈಮುಗಿದ. ರಹಮಾನಸಾಬ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಬಟ್ಟಲನ್ನು ಮತ್ತೊಮ್ಮೆ ಮುಂದೆ ಹಿಡಿದು, ಪ್ರೀತಿಯಿಂದಲೇ ಹೇಳಿದ:

"ಹೋದ್ರ ಹೋತು ಬಿಡ್ರಿ ಆ ಕಾಗದ. ಶಾವಿಗಿ ಭಾಳ ಚಲೋ ಆಗ್ಯಾವ. ನಿಮ್ಮ ಮಗಳಿಗೆ ಇದನ್ನ ಮಾಡೂದಷ್ಟ ಕಲಿಸಿ ಕಳಸ್ರಿ, ನಮಗ ಸಾಕು."