ಎಂಟು ಮರಿಗೆ ಕೆಂಪು ದಾರ

ಹಿತ್ತಲಿನಿಂದ "ಕೊರ್... ಕೊಕ್, ಕೊಕ್" ಎಂದು ಕೇಳಿಸಿದಾಗಲೆಲ್ಲ ದರ್ಜಿಯ ಹೊಲಿಗೆ ಯಂತ್ರ ನಿಂತುಬಿಡುತ್ತಿತ್ತು. ಬೂದು ಹೇಂಟೆ ಮರಿಗಳನ್ನು ಮೇವಿಗೆ ಕರೆಯುತ್ತಿದೆಯೋ, ಅಪಾಯವೆಂದು ಕೂಗುತ್ತಿದೆಯೋ ಅವನಿಗೆ ತಿಳಿಯದು. ಮರಿಗಳು ಹುಟ್ಟಿದ ಈ ಹನ್ನೆರಡು ದಿನಗಳಲ್ಲಿ ಎರಡು ಅಂಗಿಗಳ ತೋಳು ಕಾಲರಿನ ಜಾಗದಲ್ಲಿ ಕೂತಿದ್ದವು.

ಬೆಳಿಗ್ಗೆ ಅಕ್ಕನ ಮನೆಗೆ ಹೊರಡುವಾಗ ಹೆಂಡತಿ ಹೇಳಿದ್ದು ಇಷ್ಟೇ: "ಎಂಟು ಮರಿ ಇವೆ, ಸಂಜೆಗೂ ಎಂಟಿರಬೇಕು. ಹಿತ್ತಲಿಗೆ ಮಾತ್ರ ಇಳೀಬೇಡಿ ರೀ. ಅದರ ಮಕ್ಕಳನ್ನ ಅದೇ ನೋಡ್ಕೊಳ್ಳತ್ತೆ."

ಇಳಿಯದೆ ಎಣಿಸುವುದು ಹೇಗೆ? ಕಿಟಕಿಯಿಂದ ನೋಡಿದರೆ ಒಮ್ಮೆ ಏಳು, ಇನ್ನೊಮ್ಮೆ ಒಂಬತ್ತು. (ಒಂಬತ್ತನೆಯದು ಯಾವ ಲೋಕದ್ದೋ.) ಸಾಲದ್ದಕ್ಕೆ ಆ ಕರಿ ಹೇಂಟೆ. ಹಿತ್ತಲಿನ ಕೋಳಿಗಳ ಮೇಲೆಲ್ಲ ಅದರದೇ ಆಡಳಿತ. ಹೆಂಡತಿ ಅದಕ್ಕೆ ಹೆಡ್‌ಮಿಸ್ಸು ಎಂದು ಹೆಸರಿಟ್ಟಿದ್ದಳು. ಮೇವಿನ ತಟ್ಟೆಯ ಬಳಿ ಸುಳಿದ ಮರಿಯ ನೆತ್ತಿಗೆ ಅದು ಕುಟುಕಿದರೆ, ಬೂದು ಹೇಂಟೆ ತಲೆತಗ್ಗಿಸಿ ಮರಿಗಳೊಡನೆ ಸರಿದುಹೋಗುತ್ತಿತ್ತು. ಈ ಸಾಧುಪ್ರಾಣಿ ಎಂಟನ್ನೂ ಉಳಿಸಿಕೊಂಡೀತೇ ಎಂಬುದೇ ದರ್ಜಿಯ ಚಿಂತೆ.

ಆಗ ಹೊಳೆಯಿತು ಉಪಾಯ. ಗಿರಾಕಿಗಳ ಬಟ್ಟೆ ಬೆರೆಯದಂತೆ ಅವನು ಗುರುತಿಗೆ ದಾರ ಕಟ್ಟುವುದು ವಾಡಿಕೆ. ಮರಿಗಳೇನು ಬಟ್ಟೆಗಿಂತ ಕಡಿಮೆಯೇ? ಹಿತ್ತಲಿಗೆ ಇಳಿದು, ತಾಯಿಯ ಮೇಲೆ ಬುಟ್ಟಿ ಕವುಚಿ, ಒಂದೊಂದೇ ಮರಿಯನ್ನು ಹಿಡಿದು ಕಾಲಿಗೆ ಕೆಂಪು ದಾರ ಬಿಗಿದ. ಕಿಟಕಿಯಿಂದ ಕಾಣಲೆಂದು ಬೆರಳುದ್ದ ತುದಿ ಇಳಿಬಿಟ್ಟ.

ಎಂಟು ದಾರ, ಎಂಟು ಮರಿ. ನೆಮ್ಮದಿಯ ಉಸಿರೊಂದನ್ನು ಬಿಟ್ಟ. ಅದು ಮುಗಿಯುವುದರೊಳಗೆ ಒಂದು ಮರಿ ಇನ್ನೊಂದರ ಕಾಲಿಗೆ ಬಾಯಿ ಹಾಕಿತು. ಕೋಳಿಯ ಕಣ್ಣಿಗೆ ಅದು ದಾರವಲ್ಲ, ಎರೆಹುಳು. ಮರಿಗಳು ಒಂದನ್ನೊಂದು ಅಟ್ಟಿಕೊಂಡು ಹಿತ್ತಲೆಲ್ಲ ಗಿರಗಿರ ತಿರುಗಿದವು. ಓಡಿದಷ್ಟೂ ಹುಳು ಹೊರಳಾಡಿತು. ಹೆಡ್‌ಮಿಸ್ಸು ಧಾವಿಸಿ ಬಂದು ಒಂದು ದಾರದ ತುದಿ ಕಚ್ಚಿ, ಮರಿಯ ಸಮೇತ ಎಳೆದುಕೊಂಡು ಹೊರಟಿತು.

ದರ್ಜಿ ಓಡಿಹೋಗಿ ಬುಟ್ಟಿ ಎತ್ತಿದ. ಒಳಗಿನಿಂದ ಸಾಧುಪ್ರಾಣಿ ಬರಲಿಲ್ಲ. ಗರಿಗೆದರಿ ಎರಡರಷ್ಟಾದ ಮತ್ತೇನೋ ಬಂತು. ಅದು ಬೆನ್ನೇರಿ ಕುಟುಕಿದ ರಭಸಕ್ಕೆ ಹೆಡ್‌ಮಿಸ್ಸು ಮರಿಯನ್ನೂ ಅಧಿಕಾರವನ್ನೂ ಬಿಟ್ಟು ಬೇಲಿ ಹಾರಿತು. ಆಮೇಲೆ ಬೂದು ಹೇಂಟೆ ದರ್ಜಿಯ ಕಡೆ ತಿರುಗಿತು.

ಸಂಜೆ ಹೆಂಡತಿ ಬಂದಾಗ ಗಂಡ ಕತ್ತರಿ ಹಿಡಿದು ಒಗೆಯುವ ಕಲ್ಲಿನ ಮೇಲೆ ನಿಂತಿದ್ದ. ಕೆಳಗೆ ಕಾಲಿಟ್ಟರೆ ಕುಟುಕು.

"ಎಂಟೂ ಇವೆ ಕಣೇ," ಎಂದ.

"ಇವೆ, ಸರಿ. ಕಾಲಿಗೇನದು?"

ಅವನು ಎಲ್ಲವನ್ನೂ ಒಪ್ಪಿಕೊಂಡ. ಅವಳು ಬೈಯಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು. ಕತ್ತರಿ ಇಸಿದುಕೊಂಡು, ಒಂದು ಹಿಡಿ ಕಾಳು ಚೆಲ್ಲಿ ಕುಕ್ಕರುಗಾಲಲ್ಲಿ ಕೂತಳು. ಹೇಂಟೆ ಗೊಣಗುತ್ತ ಪಕ್ಕದಲ್ಲೇ ನಿಂತು ನೋಡಿತು. ಎಂಟು ದಾರಗಳೂ ತುಂಡಾಗಿ ಬಿದ್ದವು. ಒಂದು ಮರಿಯ ಕಾಲು ಬಾತಿತ್ತು, ಆದರೂ ಊರುತ್ತಿತ್ತು.

ಮರುದಿನ ಹೆಡ್‌ಮಿಸ್ಸು ಮೇವಿನ ತಟ್ಟೆ ಬಿಟ್ಟುಕೊಟ್ಟು ದೂರ ನಿಂತಿತು. ಆದರೆ ದರ್ಜಿ ಬಾಗಿಲಲ್ಲಿ ಕಾಣಿಸಿದ್ದೇ ತಡ, ಬೂದು ಹೇಂಟೆ ಚೀರಿತು. ಎಂಟೂ ಮರಿಗಳು ರೆಕ್ಕೆಯಡಿ ಮಾಯವಾದವು.

"ಹದ್ದು ಬಂದಾಗ ಹಾಗೆ ಕೂಗತ್ತೆ," ಎಂದಳು ಹೆಂಡತಿ. "ಹೋಗಿ, ತಪ್ಪಾಯ್ತು ಅನ್ನಿ."

ಅವನು ಹೊಸ್ತಿಲ ಬಳಿ ಕೂತ. "ನೋಡಮ್ಮಾ, ನಿನ್ನ ಮಕ್ಕಳ ಒಳ್ಳೇದಕ್ಕೇ ನಾನು..." ಹೇಂಟೆ ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ಅವನನ್ನೇ ನೋಡಿತು. ದರ್ಜಿಗೆ ಧೈರ್ಯ ಬಂತು. "ಆ ಬುಟ್ಟಿ ವಿಷಯದಲ್ಲಿ ಮಾತ್ರ, ನಿಜ ಹೇಳ್ಬೇಕೂಂದ್ರೆ..."

ಹೇಂಟೆ ಎದ್ದು ಮೈ ಕೊಡವಿತು, ಬೆನ್ನು ತಿರುಗಿಸಿ ನಡೆದುಬಿಟ್ಟಿತು. ಹಿಂದೆ ಎಂಟು ಮರಿ, ಕೊನೆಯದು ಸ್ವಲ್ಪ ಕುಂಟುತ್ತ.